‘ವೈ’ ಎಂಬ ಇಂಗ್ಲಿಷ್ ಪ್ರಶ್ನಾಶಬ್ದ: ಮೂಲ ಮತ್ತು ಅರ್ಥವಿಚಾರ

ಇಂಗ್ಲಿಷಿನ ‘ವೈ’ ಎಂಬ ಪ್ರಶ್ನಾಶಬ್ದಕ್ಕೆ ‘ಏಕೆ’ ಎಂದು ಅರ್ಥ ಹೇಳಿ ಮುಂದಕ್ಕೆ ಸಾಗುವುದು ಪಾಠಶಾಲೆಗಳಲ್ಲಿ ನಡೆದುಬಂದ ರೂಢಿ. ಅರ್ಥದ ಮಟ್ಟಿಗೆ ಇದರಲ್ಲಿ ದೋಷವೇನೂ ಇಲ್ಲ. ಆದರೆ ವ್ಯಾಕರಣದ ಪಾಠಕ್ಕೆ ಬಂದಾಗ ಆ ಶಬ್ದವನ್ನು ಲಿಂಗ, ವಚನ, ವಿಭಕ್ತಿಗಳಿಲ್ಲದ ಅವ್ಯಯವೆಂದು ಒಂದು ಮೂಲೆಗೆ ಸೇರಿಸಿಬಿಡುವುದುಂಟು. ‘ವಾಟ್’ ಸರ್ವನಾಮ, ‘ವೈ’ ಅವ್ಯಯ, ಒಂದಕ್ಕೂ ಇನ್ನೊಂದಕ್ಕೂ ನಂಟಿಲ್ಲ ಎಂಬ ಭಾವನೆ ವಿದ್ಯಾರ್ಥಿಯ ಮನಸ್ಸಿನಲ್ಲಿ ನೆಲೆಗೊಳ್ಳುತ್ತದೆ. ಶಬ್ದದ ಚರಿತ್ರೆಯನ್ನು ನೋಡಿದರೆ ಸಂಗತಿ ಬೇರೆಯೇ ಆಗಿದೆ. ‘ವೈ’ ಎಂಬುದು ‘ವಾಟ್’ ಎಂಬ ಸರ್ವನಾಮದ ಒಂದು ವಿಭಕ್ತಿರೂಪ. ಸಂಸ್ಕೃತ ವೈಯಾಕರಣರ ಪರಿಭಾಷೆಯಲ್ಲಿ ಹೇಳುವುದಾದರೆ ತೃತೀಯಾ ವಿಭಕ್ತಿಯ ಏಕವಚನ. ‘ಏತರಿಂದ’ ಎಂಬುದು ಅದರ ಮೂಲಾರ್ಥ. ಕನ್ನಡದ ‘ಏಕೆ’ಯಾದರೋ ಚತುರ್ಥೀ ವಿಭಕ್ತಿಯಲ್ಲಿರುವ ಶಬ್ದ. ಒಂದೇ ಪ್ರಶ್ನೆಯನ್ನು ಎರಡು ಭಾಷೆಗಳು ಎರಡು ವಿಭಕ್ತಿಗಳಲ್ಲಿ ಕೇಳುತ್ತ ಬಂದಿವೆ. ಅನುವಾದಕ್ಕೆ ಕೈಹಾಕಿದವರಿಗೆ ಇದರಿಂದ ಕೆಲವು ತೊಡಕುಗಳೂ ಒದಗುತ್ತವೆ. ಆದಕಾರಣ ಈ ಚಿಕ್ಕ ಶಬ್ದದ ಹುಟ್ಟನ್ನೂ ನಡೆಯನ್ನೂ ತುಸು ವಿವರವಾಗಿ ವಿಚಾರಿಸುವುದು ಅನುಚಿತವಾಗಲಾರದು.

ಸುಮಾರು ಐದನೆಯ ಶತಮಾನದಿಂದ ಹನ್ನೊಂದನೆಯ ಶತಮಾನದ ಕೊನೆಯವರೆಗೆ ಇಂಗ್ಲೆಂಡಿನಲ್ಲಿ ಬಳಕೆಯಲ್ಲಿದ್ದ ಭಾಷೆಗೆ ಪ್ರಾಚೀನ ಇಂಗ್ಲಿಷ್ ಎಂದು ಹೆಸರು. ಇಂದಿನ ಇಂಗ್ಲಿಷನ್ನು ಮಾತ್ರ ಬಲ್ಲವರಿಗೆ ಅದರ ಒಂದು ಪುಟವೂ ಅರ್ಥವಾಗಲಾರದು. ಇಂದಿನ ಇಂಗ್ಲಿಷಿಗೆ ವಿಭಕ್ತಿಪ್ರತ್ಯಯಗಳು ಹೆಚ್ಚೇನೂ ಉಳಿದಿಲ್ಲ. ಅಂದಿನ ಇಂಗ್ಲಿಷಿಗೆ ಅವು ಯಥೇಷ್ಟವಾಗಿದ್ದವು. ಮೂರು ಲಿಂಗಗಳಿದ್ದವು, ನಾಮಪದಕ್ಕೂ ಗುಣವಾಚಕಕ್ಕೂ ಸರ್ವನಾಮಕ್ಕೂ ಪ್ರತ್ಯಯಗಳು ಹತ್ತುತ್ತಿದ್ದವು. ಪ್ರಶ್ನಾರ್ಥಕ ಸರ್ವನಾಮವು ಆಗ ‘ಹ್ವಾ’ ಎಂದಿತ್ತು. ಪುರುಷರಿಗೂ ಸ್ತ್ರೀಯರಿಗೂ ಅದೊಂದೇ ರೂಪ. ನಪುಂಸಕಲಿಂಗದಲ್ಲಿ ಮಾತ್ರ ‘ಹ್ವ್ಯಟ್’. ಷಷ್ಠಿಯಲ್ಲಿ ‘ಹ್ವ್ಯಸ್’, ಚತುರ್ಥಿಯಲ್ಲಿ ‘ಹ್ವಾಮ್’, ದ್ವಿತೀಯೆಯಲ್ಲಿ ‘ಹ್ವೊನೆ’. ನಪುಂಸಕದ ತೃತೀಯೆಯಲ್ಲಿ ‘ಹ್ವೀ’. ಇವುಗಳಲ್ಲಿ ‘ಹ್ವೊನೆ’ ಎಂಬುದೊಂದು ಅಳಿದುಹೋಯಿತು. ಉಳಿದ ಐದೂ ಇಂದಿಗೂ ಜೀವಂತವಾಗಿವೆ. ‘ಹ್ವಾ’ ಇಂದಿನ ‘ಹೂ’ ಆಯಿತು. ‘ಹ್ವ್ಯಟ್’ ‘ವಾಟ್’ ಆಯಿತು. ‘ಹ್ವ್ಯಸ್’ ‘ಹೂಸ್’ ಆಯಿತು. ‘ಹ್ವಾಮ್’ ‘ಹೂಮ್’ ಆಯಿತು. ‘ಹ್ವೀ’ ‘ವೈ’ ಆಯಿತು. ಐದು ಬೇರೆಬೇರೆ ಶಬ್ದಗಳೆಂದು ಮಕ್ಕಳು ಬಾಯಿಪಾಠ ಮಾಡುವ ಇವೆಲ್ಲ ಒಂದೇ ಸರ್ವನಾಮದ ವಿಭಕ್ತಿರೂಪಗಳು. ಯಾರು, ಏನು, ಯಾರ, ಯಾರಿಗೆ, ಏತರಿಂದ ಎಂಬಂತೆ ಇವನ್ನು ಒಂದು ಸಾಲಿನಲ್ಲಿ ನಿಲ್ಲಿಸಿದರೆ ವಿಷಯ ತಾನಾಗಿ ವಿಶದವಾಗುತ್ತದೆ.

ಪ್ರಾಚೀನ ಇಂಗ್ಲಿಷಿನಲ್ಲಿಯೂ ತೃತೀಯೆ ಆಗಲೇ ಕ್ಷೀಣಿಸುತ್ತಿದ್ದ ವಿಭಕ್ತಿ. ನಾಮಪದಗಳಲ್ಲಿ ಅದು ಚತುರ್ಥಿಯೊಡನೆ ಬೆರೆತುಹೋಗಿತ್ತು. ಕೆಲವು ಸರ್ವನಾಮಗಳಲ್ಲಿ, ಗುಣವಾಚಕಗಳಲ್ಲಿ ಮಾತ್ರ ತನ್ನದೇ ರೂಪವನ್ನು ಉಳಿಸಿಕೊಂಡಿತ್ತು. ‘ಹ್ವೀ’ ಎಂಬ ರೂಪದ ಮೂಲವನ್ನು ಇನ್ನೂ ಹಿಂದಕ್ಕೆ ಒಯ್ದು ಅದು ಮೊದಲಲ್ಲಿ ಸಪ್ತಮಿಯಾಗಿತ್ತೆಂದು ಹೇಳುವವರೂ ಇದ್ದಾರೆ. ಅದು ಹೇಗಾದರೂ ಇರಲಿ, ಪ್ರಾಚೀನ ಇಂಗ್ಲಿಷಿನ ಕಾಲಕ್ಕೆ ಅದರ ಕೆಲಸ ತೃತೀಯೆಯದೇ. ಅದನ್ನು ಒಂಟಿಯಾಗಿಯೂ ಬಳಸುತ್ತಿದ್ದರು, ಉಪಸರ್ಗಗಳೊಡನೆಯೂ ಬಳಸುತ್ತಿದ್ದರು. ‘ಫಾರ್ ಹ್ವೀ’ ಎಂದರೆ ಯಾವ ಕಾರಣದಿಂದ. ‘ಟೋ ಹ್ವೀ’ ಎಂದರೆ ಯಾವ ಉದ್ದೇಶಕ್ಕೆ. ಸೋದರ ಭಾಷೆಗಳಲ್ಲಿಯೂ ಇದೇ ಬಗೆ. ಪ್ರಾಚೀನ ನಾರ್ಸ್ ಭಾಷೆಯಲ್ಲಿ ‘ಹ್ವೀ’ ಎಂದೇ ಇತ್ತು. ಜರ್ಮಾನಿಕ್ ಭಾಷೆಗಳಲ್ಲಿ ವಿಸ್ತಾರವಾದ ಗ್ರಂಥರೂಪದಲ್ಲಿ ಉಳಿದಿರುವ ಅತಿ ಹಳೆಯದಾದ ಗಾಥಿಕ್ ಭಾಷೆಯಲ್ಲಿ ‘ಹ್ವೇ’ ಎಂಬ ತೃತೀಯಾರೂಪಕ್ಕೆ ಉಪಸರ್ಗ ಸೇರಿಸಿ ‘ಏಕೆ’ ಎಂಬ ಅರ್ಥವನ್ನು ಪಡೆಯುತ್ತಿದ್ದರು.

ಪ್ರಶ್ನಾಸರ್ವನಾಮಕ್ಕೆ ತೃತೀಯೆ ಇದ್ದಂತೆ ನಿರ್ದೇಶಕ ಸರ್ವನಾಮಕ್ಕೂ ಒಂದು ತೃತೀಯೆ ಇತ್ತು. ಅದರ ರೂಪ ‘ಥೀ’. ಅರ್ಥ ‘ಅದರಿಂದ’, ‘ಅಷ್ಟರಿಂದ’. ಈ ಶಬ್ದ ಸತ್ತುಹೋಯಿತೆಂದು ತೋರಿದರೂ ಇಂದಿನ ಇಂಗ್ಲಿಷಿನಲ್ಲಿ ವೇಷ ಮರೆಸಿಕೊಂಡು ಓಡಾಡುತ್ತಿದೆ. ‘ದಿ ಮೋರ್ ದಿ ಬೆಟರ್’ ಎನ್ನುವಲ್ಲಿ ಎರಡು ಸಲ ಬರುವ ‘ದಿ’ ಎಂಬುದನ್ನು ಸಾಮಾನ್ಯ ನಿರ್ದೇಶಕವೆಂದು ತಿಳಿದು, ನಾಮಪದವೇ ಇಲ್ಲದೆಡೆ ಅದೇಕೆ ಬಂದಿತೆಂದು ಬುದ್ಧಿವಂತ ವಿದ್ಯಾರ್ಥಿ ಶಂಕಿಸುವುದುಂಟು. ಆ ಶಂಕೆ ನ್ಯಾಯವಾದುದು. ಅದು ಪೂರ್ವದ ‘ಥೀ’. ‘ಎಷ್ಟರಿಂದ ಹೆಚ್ಚೋ ಅಷ್ಟರಿಂದ ಲೇಸು’ ಎಂಬುದು ಅಲ್ಲಿಯ ಅಕ್ಷರಾರ್ಥ. ‘ನೆವರ್‌ದಲೆಸ್’ ಎಂಬ ಸಮಾಸದ ನಡುವೆ ಸಿಕ್ಕಿಕೊಂಡಿರುವುದೂ ಇದೇ ತೃತೀಯೆ. ‘ಹಾಗಾಗದಿರಲೆಂದು’ ಎಂಬರ್ಥದ ‘ಲೆಸ್ಟ್’ ಎಂಬ ಅವ್ಯಯವೂ ಈ ‘ಥೀ’ಯಿಂದ ಆರಂಭವಾಗುವ ಮೂರು ಪದಗಳ ಮಾತು ಸವೆದು ಆದ ರೂಪ, ಅದರಲ್ಲಿ ‘ಥೀ’ಯ ಗುರುತು ಕೂಡ ಉಳಿದಿಲ್ಲ. ಹೀಗೆ ತೃತೀಯಾ ವಿಭಕ್ತಿಯನ್ನು ಇಂಗ್ಲಿಷು ಕಳೆದುಕೊಂಡಿತೆಂಬುದು ನಿಜವಾದರೂ ದಿನಕ್ಕೆ ಹತ್ತಾರು ಬಾರಿ ಅದನ್ನು ಅರಿವಿಲ್ಲದೆ ಉಚ್ಚರಿಸುತ್ತಲೇ ಇದೆ.

‘ಹ್ವೀ’ ಎಂಬುದರ ಪ್ರಕೃತಿ ಎಲ್ಲಿಯದು? ಇಲ್ಲಿ ಭಾಷಾಶಾಸ್ತ್ರದ ಚರಿತ್ರೆಯ ಒಂದೆರಡು ಮಾತು ಅವಶ್ಯಕ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಬಹುಶಃ ಈಗ ಉಳಿದಿರದ ಒಂದು ಸಮಾನ ಮೂಲದಿಂದ ಬಂದಿರಬೇಕೆಂದು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಮಾಡಿದ ಭಾಷಣದಲ್ಲಿ ಸೂಚಿಸಿದರು. ಡೆನ್ಮಾರ್ಕಿನ ರಾಸ್ಮುಸ್ ರಾಸ್ಕ್ 1818ರಲ್ಲಿಯೂ, ಜರ್ಮನಿಯ ಯಾಕೋಬ್ ಗ್ರಿಮ್ 1822ರಲ್ಲಿಯೂ ಜರ್ಮಾನಿಕ್ ಭಾಷೆಗಳಲ್ಲಿ ವ್ಯಂಜನಗಳು ಒಂದು ನಿಯಮಕ್ಕೆ ಒಳಪಟ್ಟು ಪಲ್ಲಟಗೊಂಡಿವೆ ಎಂಬುದನ್ನು ತೋರಿಸಿದರು. ಮೂಲದ ಕಕಾರವು ಆ ಭಾಷೆಗಳಲ್ಲಿ ಹಕಾರವಾಗುತ್ತದೆ ಎಂಬುದು ಆ ನಿಯಮದ ಒಂದು ಭಾಗ. ಲ್ಯಾಟಿನ್ನಿನಲ್ಲಿ ಕೊಂಬಿಗೆ ‘ಕೋರ್ನು’, ಇಂಗ್ಲಿಷಿನಲ್ಲಿ ‘ಹಾರ್ನ್’. ಲ್ಯಾಟಿನ್ನಿನಲ್ಲಿ ನಾಯಿಗೆ ‘ಕಾನಿಸ್’, ಇಂಗ್ಲಿಷಿನಲ್ಲಿ ‘ಹೌಂಡ್’. ನೂರು ಎಂಬ ಸಂಖ್ಯೆ ಲ್ಯಾಟಿನ್ನಿನಲ್ಲಿ ‘ಕೆಂಟುಮ್’, ಇಂಗ್ಲಿಷಿನಲ್ಲಿ ‘ಹಂಡ್ರೆಡ್’. ಇದೇ ನಿಯಮದಂತೆ ಲ್ಯಾಟಿನ್ನಿನ ‘ಕ್ವಿಸ್’, ‘ಕ್ವಿದ್’, ‘ಕ್ವೋದ್’ ಎಂಬ ಶಬ್ದಗಳ ‘ಕ್ವ’ಕಾರಕ್ಕೆ ಇಂಗ್ಲಿಷಿನಲ್ಲಿ ‘ಹ್ವ’ಕಾರ ಬಂದಿದೆ.

ಸಂಸ್ಕೃತವನ್ನು ಅಲ್ಪಸ್ವಲ್ಪ ಬಲ್ಲ ವಾಚಕರಿಗೆ ಇಷ್ಟರಲ್ಲಿಯೇ ಮುಂದಿನ ಮಾತು ಹೊಳೆದಿರಬೇಕು. ಸಂಸ್ಕೃತದ ‘ಕಃ’, ‘ಕಾ’, ‘ಕಿಮ್’ ಎಂಬ ಪ್ರಶ್ನಾಸರ್ವನಾಮವೂ ಇಂಗ್ಲಿಷಿನ ‘ಹೂ’, ‘ವಾಟ್’ಗಳೂ ಒಂದೇ ಧಾತುವಿನಿಂದ ಬಂದವು. ಹಿಂದಿಯ ‘ಕೌನ್’, ‘ಕ್ಯಾ’, ‘ಕ್ಯೋಂ’, ರಷ್ಯನ್ನಿನ ‘ಕ್ತೋ’ ಇವೆಲ್ಲ ಅದೇ ಕುಟುಂಬಕ್ಕೆ ಸೇರುತ್ತವೆ. ದೂರದ ಬಾಲ್ಟಿಕ್ ಸಮುದ್ರದ ತೀರದಲ್ಲಿರುವ ಲಿಥುಯೇನಿಯಾದವರು ‘ಯಾರು’ ಎನ್ನಲು ಇಂದಿಗೂ ‘ಕಸ್’ ಎನ್ನುತ್ತಾರೆ. ‘ಎರಡರಲ್ಲಿ ಯಾವುದು’ ಎಂಬರ್ಥದ ಸಂಸ್ಕೃತದ ‘ಕತರ’ ಎಂಬ ಶಬ್ದಕ್ಕೆ ಇಂಗ್ಲಿಷಿನ ‘ವೆದರ್’ ಎಂಬುದು ಅಕ್ಷರಕ್ಕೆ ಅಕ್ಷರ ಹೊಂದುವ ಸೋದರಶಬ್ದ. ‘ಹೌದೋ ಅಲ್ಲವೋ’ ಎಂಬ ವಿಕಲ್ಪಾರ್ಥ ಅದಕ್ಕೆ ಬಂದದ್ದು ಈ ಎರಡರೊಳಗಿನ ಆಯ್ಕೆಯ ಅರ್ಥದಿಂದಲೇ. ಕನ್ನಡಿಗರು ಸಭೆಗಳಲ್ಲಿ ದಿನವೂ ಆಡುವ ‘ಕೋರಂ’ ಎಂಬುದು ಇದೇ ಮೂಲದ ಲ್ಯಾಟಿನ್ ಸರ್ವನಾಮದ ಷಷ್ಠೀ ಬಹುವಚನ. ‘ಯಾರವರಲ್ಲಿ’ ಎಂದು ಅದರ ಅರ್ಥ. ನ್ಯಾಯಾಧೀಶರ ನೇಮಕದ ಲ್ಯಾಟಿನ್ ಆಜ್ಞಾಪತ್ರಗಳಲ್ಲಿ ಬರುತ್ತಿದ್ದ ಆ ಒಂದು ಪದ ಕಳಚಿಬಂದು ಈಗ ಹಾಜರಾತಿಯ ಲೆಕ್ಕಕ್ಕೆ ಹೆಸರಾಗಿದೆ. ‘ಕೋಟಾ’ ಎಂಬುದೂ ‘ಎಷ್ಟನೆಯ ಪಾಲು’ ಎಂಬ ಲ್ಯಾಟಿನ್ ಪ್ರಶ್ನೆಯೇ.

ತೃತೀಯೆಯ ವಿಷಯಕ್ಕೆ ಮರಳಬೇಕು. ‘ಕಿಮ್’ ಶಬ್ದದ ತೃತೀಯಾ ಏಕವಚನ ‘ಕೇನ’. ಹಾಗಾದರೆ ಸಂಸ್ಕೃತದ ‘ಕೇನ’ ಎಂಬುದಕ್ಕೂ ಇಂಗ್ಲಿಷಿನ ‘ವೈ’ ಎಂಬುದಕ್ಕೂ ಪ್ರಕೃತಿ ಒಂದೇ, ವಿಭಕ್ತಿಯೂ ಒಂದೇ. ಪ್ರತ್ಯಯ ಮಾತ್ರ ಬೇರೆ. ಕೇನೋಪನಿಷತ್ತಿಗೆ ಆ ಹೆಸರು ಬಂದುದು ಅದು ಈ ಶಬ್ದದಿಂದ ಮೊದಲಾಗುವುದರಿಂದ ಎಂಬುದು ಸುವಿದಿತ. ಮನಸ್ಸು, ಪ್ರಾಣ, ವಾಕ್ಕುಗಳು ಯಾವುದರಿಂದ ಪ್ರೇರಿತವಾಗಿ ನಡೆಯುತ್ತವೆ ಎಂಬ ಆ ಉಪನಿಷತ್ತಿನ ಪ್ರಶ್ನೆಯಲ್ಲಿ ತೃತೀಯೆ ತನ್ನ ಪೂರ್ಣಾರ್ಥದಲ್ಲಿ, ಅಂದರೆ ಪ್ರೇರಕನನ್ನು ಕೇಳುವ ಅರ್ಥದಲ್ಲಿ ನಿಂತಿದೆ. ಇಂಗ್ಲಿಷಿನಲ್ಲಿ ಅದೇ ವಿಭಕ್ತಿ ಕಾಲಕ್ರಮದಲ್ಲಿ ಕರಣಾರ್ಥವನ್ನು ಬಿಟ್ಟು ಕಾರಣಾರ್ಥಕ್ಕೆ ಇಳಿಯಿತು. ‘ಏತರಿಂದ ಕಡಿದೆ?’ ಎಂದರೆ ಕೊಡಲಿಯನ್ನು ಕೇಳಿದಂತೆ, ‘ಏತರಿಂದ ಅತ್ತೆ?’ ಎಂದರೆ ಅಳುವಿನ ಕಾರಣವನ್ನು ಕೇಳಿದಂತೆ. ಕನ್ನಡದಲ್ಲಿಯೇ ಈ ಎರಡು ಅರ್ಥಗಳು ಒಂದೇ ‘ಇಂದ’ ಪ್ರತ್ಯಯದಲ್ಲಿ ಅಡಗಿರುವುದನ್ನು ನೋಡಿದರೆ ಇಂಗ್ಲಿಷಿನಲ್ಲಿ ನಡೆದ ಪಲ್ಲಟ ವಿಚಿತ್ರವೆನಿಸದು.

ಇದೇ ಪ್ರಶ್ನಾಸರ್ವನಾಮದ ಇನ್ನೊಂದು ಸ್ವಾರಸ್ಯವನ್ನು ಇಲ್ಲಿಯೇ ಹೇಳಿಬಿಡಬಹುದು. ಋಗ್ವೇದದ ಹತ್ತನೆಯ ಮಂಡಲದ 121ನೆಯ ಸೂಕ್ತದಲ್ಲಿ ಯಾವ ದೇವನಿಗೆ ಹವಿಸ್ಸನ್ನು ಅರ್ಪಿಸಬೇಕು ಎಂಬ ಪ್ರಶ್ನೆ ಪಲ್ಲವಿಯಂತೆ ಮರಳಿ ಮರಳಿ ಬರುತ್ತದೆ. ಅಲ್ಲಿರುವುದು ‘ಕಸ್ಮೈ’ ಎಂಬ ಚತುರ್ಥಿ. ಬ್ರಾಹ್ಮಣಗ್ರಂಥಗಳ ಕಾಲಕ್ಕೆ ‘ಕ’ ಎಂಬುದು ಪ್ರಜಾಪತಿಯ ಹೆಸರೆಂದೇ ಆಯಿತು, ಪ್ರಶ್ನೆಯೇ ಉತ್ತರವಾಯಿತು. ಇಂಗ್ಲಿಷರ ಪ್ರಾಚೀನ ವೀರಕಾವ್ಯ ‘ಬೇವುಲ್ಫ್’ ಕೂಡ ಪ್ರಶ್ನಾಶಬ್ದದಿಂದಲೇ ಆರಂಭವಾಗುತ್ತದೆ. ಸುಮಾರು ಕ್ರಿ.ಶ. 1000ದ ಕಾಲದ್ದೆಂದು ಎಣಿಸಲಾದ ಹಸ್ತಪ್ರತಿಯಲ್ಲಿ ಉಳಿದಿರುವ ಆ ಕಾವ್ಯದ ಮೊದಲ ಪದ ‘ಹ್ವ್ಯಟ್’. ಅದನ್ನು ‘ಕೇಳಿರಿ’ ಎಂದು ಸಭಿಕರ ಗಮನ ಸೆಳೆಯುವ ಉದ್ಗಾರವೆಂದು ಬಹುಕಾಲದಿಂದ ಅರ್ಥೈಸುತ್ತ ಬಂದಿದ್ದಾರೆ. ಅದು ಬೇರೆ ನಿಲ್ಲುವ ಉದ್ಗಾರವಲ್ಲ, ಮುಂದಿನ ವಾಕ್ಯಕ್ಕೇ ಸೇರಿ ‘ಹೇಗೆ’ ಎಂಬ ಆಶ್ಚರ್ಯಾರ್ಥ ಕೊಡುತ್ತದೆ ಎಂದು 2013ರಲ್ಲಿ ಜಾರ್ಜ್ ವಾಕ್ಡೆನ್ ಎಂಬ ಭಾಷಾಶಾಸ್ತ್ರಜ್ಞರು ವಾದಿಸಿದರು. ಚರ್ಚೆ ಏನೇ ಇರಲಿ, ಉಪನಿಷತ್ತೊಂದು, ವೀರಕಾವ್ಯವೊಂದು ಒಂದೇ ಸರ್ವನಾಮದ ಎರಡು ರೂಪಗಳಿಂದ ಬಾಯಿ ತೆರೆದಿರುವುದು ಗಮನಾರ್ಹ.

ಕನ್ನಡದ ‘ಏಕೆ’ಯಲ್ಲಿಯೂ ಒಂದು ಕಕಾರವಿದೆಯಲ್ಲ, ಅದೂ ಈ ಮೂಲದ್ದೇ ಆಗಿರಬಾರದೇಕೆ ಎಂದು ಕೆಲವರಿಗೆ ಅನಿಸಬಹುದು. ಅದು ಸಲ್ಲದು. ಅಲ್ಲಿಯ ‘ಕೆ’ ಚತುರ್ಥೀ ಪ್ರತ್ಯಯ. ಪ್ರಕೃತಿ ‘ಏ’ ಮಾತ್ರ. ಏನು, ಏಕೆ, ಎಲ್ಲಿ, ಎಷ್ಟು, ಎಂತು, ಯಾರು, ಯಾವುದು ಎಂದು ಎಕಾರ ಯಕಾರಗಳಿಂದ ಮೊದಲಾಗುವ ಪ್ರಶ್ನಾಶಬ್ದಗಳ ಬಳಗ ದ್ರಾವಿಡ ಭಾಷೆಗಳದ್ದು. ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲವೆಂಬುದನ್ನು ಎಲ್ಲಿಸ್ ಎಂಬ ಅಧಿಕಾರಿ 1816ರಲ್ಲಿ ಸೂಚಿಸಿದ್ದರು. ಕಾಲ್ಡ್‌ವೆಲ್ ಪಂಡಿತರು 1856ರ ತಮ್ಮ ತೌಲನಿಕ ವ್ಯಾಕರಣದಲ್ಲಿ ಅದನ್ನು ವಿಸ್ತಾರವಾಗಿ ಸ್ಥಾಪಿಸಿದರು. ಧ್ವನಿಯೊಂದು ಹೊಂದಿತೆಂದು ನಂಟು ಕಟ್ಟುವುದು ಶಬ್ದವಿಚಾರದಲ್ಲಿ ಎಲ್ಲಕ್ಕಿಂತ ಸುಲಭವಾದ ತಪ್ಪು.

ಇನ್ನು ಉಚ್ಚಾರಣೆ ಮತ್ತು ಬರಹದ ವಿಚಾರ. ‘ಹ್ವೀ’ ಎಂದು ಇಲ್ಲಿ ಬರೆದಿರುವುದು ಸಮೀಪದ ಉಚ್ಚಾರಣೆಯನ್ನು ಮಾತ್ರ ತೋರಿಸುತ್ತದೆ. ನಾಲಗೆಯನ್ನು ‘ಈ’ ಎನ್ನುವಂತೆ ಇಟ್ಟು, ತುಟಿಗಳನ್ನು ‘ಊ’ ಎನ್ನುವಂತೆ ದುಂಡಾಗಿಸಿದರೆ ಹೊರಡುವ ಸ್ವರ ಅದು. ಕನ್ನಡದಲ್ಲಿ ಆ ಸ್ವರವಿಲ್ಲ. ಮುಂದೆ ತುಟಿಗಳ ದುಂಡು ಬಿಟ್ಟುಹೋಗಿ ಶುದ್ಧ ‘ಈ’ ಆಯಿತು. ಹದಿನೈದನೆಯ ಶತಮಾನದಿಂದ ಈಚೆಗೆ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ಸ್ಥಾನಪಲ್ಲಟಗೊಂಡಾಗ ಆ ‘ಈ’ಕಾರ ‘ಐ’ಕಾರವಾಯಿತು. ಇಲಿಗಳು ಎಂಬರ್ಥದ ಹಳೆಯ ‘ಮೀಸ್’ ‘ಮೈಸ್’ ಆದುದು, ಬೆಂಕಿ ಎಂಬರ್ಥದ ‘ಫೀರ್’ ‘ಫೈರ್’ ಆದುದು ಇದೇ ದಾರಿಯಿಂದ.

ವ್ಯಂಜನದ ಕಥೆ ಇನ್ನೂ ರಂಜಕವಾಗಿದೆ. ಪ್ರಾಚೀನ ಇಂಗ್ಲಿಷಿನ ಲಿಪಿಕಾರರು ಉಚ್ಚಾರಣೆಗೆ ತಕ್ಕಂತೆ ಹಕಾರವನ್ನು ಮೊದಲು ಬರೆದು ವಕಾರವನ್ನು ಅನಂತರ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ತರುವಾಯ ಫ್ರೆಂಚ್ ಪದ್ಧತಿಯಲ್ಲಿ ಪಳಗಿದ ಲಿಪಿಕಾರರ ಕೈಯಲ್ಲಿ ಇದು ತಿರುವುಮುರುವಾಯಿತು. ಎಚ್ ಅಕ್ಷರವು ಎರಡನೆಯದಾಗಿ ಬರುವ ಬೇರೆ ಜೋಡಿಗಳು ಬಳಕೆಗೆ ಬಂದಿದ್ದುದರಿಂದ ಇಲ್ಲಿಯೂ ಡಬ್ಲ್ಯು ಮುಂದಾಯಿತು, ಎಚ್ ಹಿಂದಾಯಿತು. ನಾಲಗೆ ಮಾತ್ರ ಹಳೆಯ ಕ್ರಮದಲ್ಲಿಯೇ ‘ಹ್ವ’ ಎನ್ನುತ್ತಿತ್ತು. ಈಗ ಇಂಗ್ಲೆಂಡಿನ ಬಹುಭಾಗದಲ್ಲಿ ಆ ಹಕಾರ ಲೋಪವಾಗಿದೆ. ಪ್ರಶ್ನಾಶಬ್ದವಾದ ‘ವೈ’ಗೂ ವರ್ಣಮಾಲೆಯ ಇಪ್ಪತ್ತೈದನೆಯ ಅಕ್ಷರದ ಹೆಸರಿಗೂ ಕಿವಿಯಲ್ಲಿ ಭೇದವಿಲ್ಲ. ಭಾರತದ ಶಾಲೆಗಳಲ್ಲಿ ಕಲಿಯುವುದೂ ಹೀಗೆಯೇ. ಸ್ಕಾಟ್ಲೆಂಡಿನಲ್ಲಿ, ಐರ್ಲೆಂಡಿನಲ್ಲಿ, ಅಮೆರಿಕದ ದಕ್ಷಿಣದ ಕೆಲವೆಡೆ ಇನ್ನೂ ‘ಹ್ವೈ’ ಎನ್ನುವವರಿದ್ದಾರೆ.

ಸ್ಕಾಟ್ಲೆಂಡಿನವರು ಹಿಂದೆ ಈ ಧ್ವನಿಯನ್ನು ಬರೆಯುತ್ತಿದ್ದ ಬಗೆಯೇ ಬೇರೆ. ಕ್ಯೂ, ಯು, ಎಚ್ ಎಂಬ ಮೂರು ಅಕ್ಷರಗಳನ್ನು ಸೇರಿಸಿ ಅವರು ‘ವೈ’ ಮೊದಲಾದ ಶಬ್ದಗಳನ್ನು ಆರಂಭಿಸುತ್ತಿದ್ದರು. ಹದಿನೇಳನೆಯ ಶತಮಾನದ ಆರಂಭದಲ್ಲಿ ಅಲೆಗ್ಸಾಂಡರ್ ಹ್ಯೂಮ್ ಎಂಬ ಸ್ಕಾಟ್ ಉಪಾಧ್ಯಾಯರು ಕಾಗುಣಿತವನ್ನು ಕುರಿತು ಒಂದು ಗ್ರಂಥ ಬರೆದು ಜೇಮ್ಸ್ ದೊರೆಗೆ ಅರ್ಪಿಸಿದರು. ದಕ್ಷಿಣಕ್ಕೆ ಹೋಗಿದ್ದಾಗ ಈ ಪ್ರಶ್ನಾಶಬ್ದಗಳನ್ನು ಕ್ಯೂ ಅಕ್ಷರದಿಂದ ಬರೆಯಬೇಕೋ ಡಬ್ಲ್ಯುವಿನಿಂದ ಬರೆಯಬೇಕೋ ಎಂದು ಮಿತ್ರನೊಡನೆ ನಡೆದ ಬಿಸಿಬಿಸಿ ವಾಗ್ವಾದವನ್ನೂ, ಬಾತ್ ನಗರದಲ್ಲಿ ಒಬ್ಬ ಧರ್ಮಪಂಡಿತರೊಡನೆ ಊಟಕ್ಕೆ ಕುಳಿತಾಗ ಆ ವಾದ ಮತ್ತೆ ತಲೆಯೆತ್ತಿದುದನ್ನೂ ಅದರಲ್ಲಿ ಅವರು ವಿವರಿಸಿದ್ದಾರೆ. ಊಟದ ನಡುವೆ ಕಾಗುಣಿತಕ್ಕಾಗಿ ಜಗಳವಾಡುವ ಉಪಾಧ್ಯಾಯರು ಎಲ್ಲ ಕಾಲಕ್ಕೂ ಇದ್ದಾರೆ. ಮುದ್ರಣಾಲಯಗಳು ಇಂಗ್ಲೆಂಡಿನ ಪದ್ಧತಿಯನ್ನೇ ಹಿಡಿದುದರಿಂದ ಹ್ಯೂಮರ ಪಕ್ಷ ಸೋತಿತು. ಅವರ ಗ್ರಂಥವೂ 1865ರವರೆಗೆ ಅಚ್ಚಾಗದೆ ಉಳಿದಿತ್ತು.

ಪ್ರಶ್ನಾಶಬ್ದಗಳ ಈ ಬಳಗದಲ್ಲಿ ‘ಹೌ’ ಒಂದೇ ಡಬ್ಲ್ಯು ಅಕ್ಷರವನ್ನು ಮುಂದಿಟ್ಟುಕೊಳ್ಳದಿರುವುದು. ಅದು ಹೊರಗಿನದಲ್ಲ, ‘ವೈ’ಯ ಒಡಹುಟ್ಟು. ಅದೇ ಸರ್ವನಾಮದಿಂದ ಆದ ಇನ್ನೊಂದು ಕ್ರಿಯಾವಿಶೇಷಣ ಪ್ರಾಚೀನ ಇಂಗ್ಲಿಷಿಗೆ ಬರುವಷ್ಟರಲ್ಲಿ ‘ಹೂ’ ಎಂದಾಗಿತ್ತು. ದುಂಡುತುಟಿಯ ಸ್ವರದೊಳಗೆ ವಕಾರ ಕರಗಿಹೋಗಿತ್ತು. ಹಳೆಯ ‘ಹೂ’ ಎಂದರೆ ‘ಹೇಗೆ’, ಇಂದಿನ ‘ಹೂ’ ಎಂದರೆ ‘ಯಾರು’. ಮೊದಲನೆಯದು ಮುಂದೆ ‘ಹೌ’ ಆಗಿ ಸ್ಥಳ ಬಿಟ್ಟುಕೊಟ್ಟಿತು. ಎರಡನೆಯದು ಬರಹದಲ್ಲಿ ಇನ್ನೂ ಡಬ್ಲ್ಯುವನ್ನು ಹೊತ್ತುಕೊಂಡಿದೆ.

ಈ ತನಕ ರೂಪದ ವಿಚಾರವಾಯಿತು. ಅರ್ಥದ ವಿಚಾರ ಇದಕ್ಕಿಂತ ಮುಖ್ಯವಾದುದು. ‘ಏಕೆ’ ಎಂದು ಕೇಳುವವನು ಒಂದೇ ಮಾತಿನಲ್ಲಿ ಎರಡು ಪ್ರಶ್ನೆಗಳನ್ನು ಕೇಳಬಲ್ಲನು. ಮಳೆ ಏಕೆ ಬರುತ್ತದೆ ಎಂದು ಉಪಾಧ್ಯಾಯರು ಕೇಳಿದರೆ, ಆವಿ ಮೇಲೇರಿ ತಣಿದು ಹನಿಗಟ್ಟುವುದರಿಂದ ಎಂದು ಒಬ್ಬ ಹುಡುಗ ಹೇಳಬಹುದು. ಬೆಳೆ ಬೆಳೆಯಲಿಕ್ಕೆ ಎಂದು ಇನ್ನೊಬ್ಬ ಹೇಳಬಹುದು. ಎರಡನೆಯವನು ತಪ್ಪು ಹೇಳಿದನೆಂದು ಬೆತ್ತ ಎತ್ತುವ ಮುನ್ನ ಒಂದು ಕ್ಷಣ ನಿಲ್ಲುವುದು ಒಳ್ಳೆಯದು. ಮೊದಲನೆಯವನು ಹಿಂದಿನ ಕಾರಣವನ್ನು ಹೇಳಿದ್ದಾನೆ, ಎರಡನೆಯವನು ಮುಂದಿನ ಪ್ರಯೋಜನವನ್ನು. ವಿಜ್ಞಾನದ ಪಾಠಕ್ಕೆ ಮೊದಲನೆಯದು ಬೇಕು; ಆದರೆ ಪ್ರಶ್ನೆಯಲ್ಲಿರುವ ‘ಏಕೆ’ ಚತುರ್ಥಿಯಲ್ಲಿದ್ದು, ‘ಏತಕ್ಕೆ’ ಎಂದು ಕೇಳಿದಂತೆಯೇ ಇದೆ. ‘-ಕ್ಕೆ’ ಎಂಬ ಪ್ರಶ್ನೆಗೆ ‘-ಕ್ಕೆ’ ಎಂದೇ ಉತ್ತರ ಕೊಟ್ಟ ಹುಡುಗ ವ್ಯಾಕರಣದ ದೃಷ್ಟಿಯಿಂದ ನಿರಪರಾಧಿ.

ಈ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿಯೇ ಇಟ್ಟುಕೊಂಡ ಭಾಷೆಗಳುಂಟು. ರಷ್ಯನ್ನಿನಲ್ಲಿ ಕಾರಣವನ್ನು ಕೇಳಲು ‘ಪಚೆಮು’, ಉದ್ದೇಶವನ್ನು ಕೇಳಲು ‘ಜಚೆಮ್’; ಎರಡೂ ‘ಏನು’ ಎಂಬ ಸರ್ವನಾಮದ ವಿಭಕ್ತಿರೂಪಗಳಿಗೆ ಉಪಸರ್ಗ ಸೇರಿ ಆದವು. ಚೋದ್ಯವೆಂದರೆ ಅಲ್ಲಿ ಕಾರಣಕ್ಕೆ ಚತುರ್ಥಿ, ಉದ್ದೇಶಕ್ಕೆ ತೃತೀಯೆ. ಕನ್ನಡದವರು ಊಹಿಸುವುದಕ್ಕೆ ವಿರುದ್ಧ. ವಿಭಕ್ತಿಯ ಮೂಲಾರ್ಥದಿಂದಲೇ ಎಲ್ಲವನ್ನೂ ನಿರ್ಣಯಿಸಲಾಗದು, ರೂಢಿಗೂ ಅಧಿಕಾರವುಂಟು ಎಂಬುದಕ್ಕೆ ಇದು ಸಾಕ್ಷಿ. ಸಂಸ್ಕೃತದಲ್ಲಿ ‘ಕಸ್ಮಾತ್’ ಎಂಬ ಪಂಚಮಿ ಕಾರಣವನ್ನು ಕೇಳಿದರೆ ‘ಕಿಮರ್ಥಮ್’ ಎಂಬುದು ಪ್ರಯೋಜನವನ್ನು ಕೇಳುತ್ತದೆ. ಲ್ಯಾಟಿನ್ನಿನ ‘ಕ್ವಾರೆ’ ಎಂದರೆ ‘ಯಾವ ವಿಷಯದಿಂದ’. ಫ್ರೆಂಚಿನ ‘ಪುರ್‌ಕ್ವಾ’ ಎಂದರೆ ‘ಏತಕ್ಕಾಗಿ’. ತೆಲುಗಿನ ‘ಎಂದುಕು’ ಎಂಬುದರಲ್ಲಿಯೂ ಕನ್ನಡದಂತೆ ಚತುರ್ಥಿಯೇ ಇದೆ. ಗ್ರೀಕರು ‘ಏನಿನ ಮೂಲಕ’ ಎಂಬರ್ಥದ ‘ದಿಯಾ ತಿ’ ಎಂಬ ಮಾತಿನಿಂದ ಎಲ್ಲವನ್ನೂ ಕೇಳುತ್ತಿದ್ದರು. ಅರಿಸ್ಟಾಟಲನು ತನ್ನ ಭೌತಶಾಸ್ತ್ರಗ್ರಂಥದ ಎರಡನೆಯ ಪುಸ್ತಕದಲ್ಲಿ ಈ ಮಾತಿಗೆ ಎಷ್ಟು ಬಗೆಯ ಉತ್ತರಗಳು ಸಾಧ್ಯವೆಂದು ವಿಚಾರಿಸಿ ನಾಲ್ಕು ಕಾರಣಗಳನ್ನು ಹೇಳಿದನು: ವಸ್ತು ಯಾವುದರಿಂದ ಆಗಿದೆ ಎಂಬುದು, ಅದರ ರೂಪ, ಅದನ್ನು ಆಗಿಸಿದವನು, ಅದರ ಪ್ರಯೋಜನ. ಪಾಶ್ಚಾತ್ಯ ತತ್ತ್ವಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಓದುವ ಆ ವಿಭಾಗಕ್ಕೆ ಒಂದು ಪ್ರಶ್ನಾಶಬ್ದದ ಅರ್ಥವಿಚಾರವೇ ಬೀಜ.

ಇಂಗ್ಲಿಷಿನ ‘ವೈ’ಯೂ ಕಾರಣಾರ್ಥದಲ್ಲಿ ಹೊರಟು ಪ್ರಯೋಜನಾರ್ಥವನ್ನೂ ಕೂಡಿಸಿಕೊಂಡಿತು. ಪ್ರಯೋಜನವನ್ನೇ ಒತ್ತಿ ಕೇಳಬೇಕಾದಾಗ ‘ವಾಟ್ ಫಾರ್’ ಎನ್ನುವುದುಂಟು. ಸುಮಾರು 1200ರಿಂದ ‘ವೇರ್‌ಫೋರ್’ ಎಂಬ ಇನ್ನೊಂದು ಶಬ್ದವೂ ‘ಏಕೆ’ ಎಂಬ ಅರ್ಥದಲ್ಲಿ ನಡೆದುಬಂತು. ಅದರ ಮೊದಲ ಭಾಗ ‘ಎಲ್ಲಿ’ ಎಂಬಂತೆ ಕಾಣುವುದರಿಂದ ಅನೇಕರು ಎಡವಿದ್ದಾರೆ. 1597ರಲ್ಲಿ ಮೊದಲು ಅಚ್ಚಾದ ‘ರೋಮಿಯೋ ಮತ್ತು ಜೂಲಿಯೆಟ್’ ನಾಟಕದ ಉಪ್ಪರಿಗೆಯ ದೃಶ್ಯದಲ್ಲಿ ಜೂಲಿಯೆಟ್ ಕೇಳುವ ಪ್ರಸಿದ್ಧ ಪ್ರಶ್ನೆಯನ್ನು ‘ರೋಮಿಯೋ, ನೀನೆಲ್ಲಿರುವೆ?’ ಎಂದು ತಿಳಿದು, ಕಣ್ಣ ಮೇಲೆ ಕೈಯಿಟ್ಟು ಕತ್ತಲೆಯಲ್ಲಿ ಹುಡುಕುವಂತೆ ಅಭಿನಯಿಸುವ ವಿದ್ಯಾರ್ಥಿನಿಯರನ್ನು ಕಾಲೇಜಿನ ರಂಗಸ್ಥಳಗಳಲ್ಲಿ ಕಾಣಬಹುದು. ಅವಳು ಕೇಳುವುದು ಅವನಿರುವ ಸ್ಥಳವನ್ನಲ್ಲ. ಅವನು ರೋಮಿಯೋ ಏಕಾದ, ತನ್ನ ಮನೆತನದ ಶತ್ರುವಿನ ಹೆಸರನ್ನೇ ಏಕೆ ಹೊತ್ತ ಎಂಬುದು ಅವಳ ಸಂಕಟ. ಮುಂದಿನ ಮಾತುಗಳೆಲ್ಲ ಹೆಸರನ್ನೇ ಕುರಿತಿರುವುದನ್ನು ನೋಡಿದರೆ ಸಂದೇಹಕ್ಕೆ ಆಸ್ಪದವಿಲ್ಲ. ಒಂದು ಪ್ರಶ್ನಾಶಬ್ದವನ್ನು ತಪ್ಪು ತಿಳಿದುದರಿಂದ ಒಂದು ದೃಶ್ಯದ ಅಳಲೇ ಕಾಣೆಯಾಗುತ್ತದೆ.

ಪ್ರಶ್ನೆಯ ಶಬ್ದವೇ ಉತ್ತರದ ಶಬ್ದವೂ ಆಗುವುದು ಭಾಷೆಗಳಲ್ಲಿ ಕಂಡುಬರುವ ಮತ್ತೊಂದು ವಿಶೇಷ. ಕನ್ನಡದಲ್ಲಿ ಕಾರಣವನ್ನು ಹೇಳಲು ‘ಏಕೆಂದರೆ’ ಎನ್ನುತ್ತಾರೆ, ಹಳಗನ್ನಡದಲ್ಲಿ ‘ಏಕೆಂದೊಡೆ’. ‘ಏಕೆ ಎಂದು ಕೇಳಿದರೆ’ ಎಂಬುದು ಅದರ ಬಿಡಿಸಿದ ಅರ್ಥ. ಎದುರಿಗಿರುವವನು ಕೇಳದಿದ್ದರೂ ಅವನ ಪ್ರಶ್ನೆಯನ್ನು ತಾನೇ ಆಡಿ, ತಾನೇ ಉತ್ತರಿಸುವ ಸಂವಾದವೊಂದು ಆ ಶಬ್ದದೊಳಗೆ ಹುದುಗಿದೆ. ಹಿಂದಿಯ ‘ಕ್ಯೋಂಕಿ’, ಇಟಾಲಿಯನ್ನಿನ ‘ಪೆರ್ಕೇ’ ಇವೂ ಹೀಗೆಯೇ. ‘ಪೆರ್ಕೇ’ ಎಂಬುದಂತೂ ರೂಪವೇನೂ ಬದಲಾಗದೆ ‘ಏಕೆ’ಯೂ ಹೌದು, ‘ಏಕೆಂದರೆ’ಯೂ ಹೌದು. ಲ್ಯಾಟಿನ್ನಿನ ‘ಕ್ವಾರೆ’ ಎಂಬ ಪ್ರಶ್ನೆ ಸವೆದು ಫ್ರೆಂಚಿನಲ್ಲಿ ‘ಕಾರ್’ ಎಂದಾಗಿ ಈಗ ಉತ್ತರವನ್ನು ಮಾತ್ರ ಹೇಳುತ್ತದೆ. ಇಂಗ್ಲಿಷಿನಲ್ಲಿ ‘ಬಿಕಾಸ್’ ಎಂಬ ಶಬ್ದ ಗೆದ್ದುಕೊಂಡಿತಾದರೂ ಹಿಂದೆ ‘ಫಾರ್ ವೈ’ ಎಂಬುದಕ್ಕೂ ‘ಏಕೆಂದರೆ’ ಎಂಬ ಅರ್ಥವಿತ್ತು. ವಿಲಿಯಂ ಕೀಥ್ ಎಂಬವರು ನೂರನೆಯ ಕೀರ್ತನೆಯನ್ನು ಪದ್ಯಕ್ಕೆ ಇಳಿಸಿ 1561ರಲ್ಲಿ ಪ್ರಕಟವಾದ ಹಾಡಿನಲ್ಲಿ ಈ ಪ್ರಯೋಗವಿದೆ. ಈ ಹಳೆಯ ಅರ್ಥ ಮರೆಯಾದ ಮೇಲೆ ಅಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಿ ಅಚ್ಚುಮಾಡುವುದು ನಡೆದ ಕಾರಣ, ಭಕ್ತರು ಹೇಳುತ್ತಿದ್ದ ಸಮಾಧಾನ ದೇವರನ್ನು ಕೇಳುವ ಪ್ರಶ್ನೆಯಂತೆ ಕಾಣತೊಡಗಿತು. ಹದಿನಾರನೆಯ ಶತಮಾನದಿಂದ ‘ವೈ’ಗೆ ಉದ್ಗಾರವಾಗಿಯೂ ಬಳಕೆಯುಂಟು, ಅಲ್ಲಿ ಅದು ‘ಅರೆ’, ‘ಅಲ್ಲಾ’ ಎಂಬಷ್ಟೇ ಅರ್ಥವನ್ನು ಕೊಡುತ್ತದೆ. ಅಂತಹ ಕಡೆ ‘ಏಕೆ’ ಎಂದು ಅನುವಾದಿಸುವುದು ನಗೆಗೀಡು.

ಅನುವಾದದ ಮಾತು ಬಂದುದರಿಂದ ಕನ್ನಡದಿಂದ ಇಂಗ್ಲಿಷಿಗೆ ಹೋಗುವವರ ತೊಡಕನ್ನೂ ಹೇಳಬೇಕು. ವಚನಗಳನ್ನು ಓದಿದವರಿಗೆ ‘ಏಕೆ’, ‘ಏಕಯ್ಯಾ’ ಎಂಬ ಮಾತು ಹೊಸದಲ್ಲ. ಶರಣರು ಅದನ್ನು ಬಳಸುವ ಅನೇಕ ಕಡೆಗಳಲ್ಲಿ ಕಾರಣವನ್ನು ಕೇಳುತ್ತಿರುವುದಿಲ್ಲ. ಅದರಿಂದ ಆಗಬೇಕಾದುದೇನು, ಅದು ಬೇಡ ಎಂದು ಹೇಳುತ್ತಿರುತ್ತಾರೆ. ನಿತ್ಯದ ಮಾತಿನಲ್ಲಿಯೂ ‘ಆ ಉಸಾಬರಿ ನಮಗೇಕೆ?’ ಎಂದರೆ ಯಾರೂ ಕಾರಣವನ್ನು ಹೇಳಲು ಹೊರಡುವುದಿಲ್ಲ. ಇಲ್ಲಿ ‘ನಮಗೆ’ ಎಂಬುದೂ ಚತುರ್ಥಿ, ‘ಏಕೆ’ ಎಂಬುದೂ ಚತುರ್ಥಿ. ಯಾರಿಗೆ, ಏತಕ್ಕೆ ಎಂಬ ಎರಡೂ ಕೂಡಿ ನಿಷೇಧಾರ್ಥವನ್ನು ಹುಟ್ಟಿಸುತ್ತವೆ. ಇಂತಹ ‘ಏಕೆ’ಯನ್ನು ‘ವೈ’ ಎಂದು ಇಟ್ಟರೆ ತೃತೀಯೆಯಿಂದ ಬಂದ ಆ ಶಬ್ದ ತನ್ನ ಹುಟ್ಟುಗುಣದಂತೆ ಕಾರಣದ ಕಡೆಗೆ ಎಳೆಯುತ್ತದೆ. ವಚನಕಾರನು ತಿಳಿಯದೆ ಕೇಳುತ್ತಿದ್ದಾನೆಂಬ ಭ್ರಮೆ ಇಂಗ್ಲಿಷ್ ಓದುಗನಿಗೆ ಉಂಟಾಗುತ್ತದೆ. ‘ಟು ವಾಟ್ ಎಂಡ್’ ಎಂದೋ, ‘ವಾಟ್ ನೀಡ್’ ಎಂದೋ ಹೇಳಿದರೆ ಚತುರ್ಥಿಯ ಬಿಗಿ ಬಹುಮಟ್ಟಿಗೆ ಉಳಿಯುತ್ತದೆ. ಎಲ್ಲ ‘ಏಕೆ’ಗಳೂ ಹೀಗೆಯೇ ಎಂದಲ್ಲ. ನಿಜವಾದ ಬೆರಗಿನಿಂದ, ನೋವಿನಿಂದ ಕಾರಣವನ್ನೇ ಕೇಳುವ ವಚನಗಳೂ ಇವೆ. ಅಲ್ಲಿ ‘ವೈ’ ಸರಿಯಾಗಿ ಒಪ್ಪುತ್ತದೆ. ಯಾವ ವಚನದಲ್ಲಿ ಯಾವುದೆಂಬುದನ್ನು ನಿಘಂಟು ಹೇಳಲಾರದು. ‘ಏಕೆ’ ಇದ್ದೆಡೆ ಒಮ್ಮೆ ‘ಏತರಿಂದ’ ಎಂದೂ ಇನ್ನೊಮ್ಮೆ ‘ಏತಕ್ಕೆ’ ಎಂದೂ ಇಟ್ಟು ಓದಿ, ಯಾವುದಕ್ಕೆ ವಚನದ ಮುಂದಿನ ಸಾಲು ಹೊಂದುತ್ತದೆಯೆಂದು ನೋಡಿಕೊಳ್ಳಬೇಕು.